ಒಂದೊಂದೇ ಕಣ್ಣು ಮುಚ್ಚಿ ನೋಡಿ: ಕರಾವಳಿಯ ಮನೆಗಳಿಗೆ ನೇತ್ರರಕ್ಷಣೆಯ ಕೈಪಿಡಿ

ನಮ್ಮ ಕಡೆಯ ಬಹುತೇಕ ಮನೆಗಳ ಗೋಡೆಯಲ್ಲಿ ತಾರೀಕನ್ನು ದಪ್ಪ ಅಂಕಿಯಲ್ಲೂ ತಿಥಿ, ನಕ್ಷತ್ರ, ಸಂಕ್ರಮಣಗಳನ್ನು ಸಣ್ಣ ಅಕ್ಷರದಲ್ಲೂ ಮುದ್ರಿಸಿದ ಕ್ಯಾಲೆಂಡರ್ ಒಂದು ತೂಗುತ್ತಿರುತ್ತದೆ. ಮನೆಯಲ್ಲೇ ಕಣ್ಣು ಪರೀಕ್ಷಿಸಿಕೊಳ್ಳಲು ಅದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ. ಹತ್ತು ಅಡಿ ದೂರದಲ್ಲಿ ನಿಂತು, ದೂರದ್ದನ್ನು ನೋಡಲು ಕನ್ನಡಕ ಇರುವವರು ಅದನ್ನು ಧರಿಸಿಯೇ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಿನಿಂದ ಅಂಕಿಗಳನ್ನು ಓದಬೇಕು. ಬಳಿಕ ಎಡಗಣ್ಣನ್ನು ಮುಚ್ಚಿ ಬಲಗಣ್ಣಿನಿಂದ ಓದಬೇಕು. ಬೆರಳಿನಿಂದ ಒತ್ತಿದರೆ ಕಣ್ಣು ಕೆಲಹೊತ್ತು ಮಸುಕಾಗುತ್ತದೆ, ಬೆರಳ ಸಂದಿಯಿಂದ ಇಣುಕುವವರೂ ಇದ್ದಾರೆ. ಆದ್ದರಿಂದ ಅಂಗೈಯನ್ನು ಬಟ್ಟಲಿನಂತೆ ಹಿಡಿದು ಮುಚ್ಚುವುದೇ ಸರಿ. ತಿಂಗಳಿಗೊಮ್ಮೆ ಹಾಳೆ ಮಗುಚುವ ದಿನವೇ ಇದನ್ನು ಮಾಡಿದರೆ ಮರೆತುಹೋಗುವುದಿಲ್ಲ.

ಒಂದೊಂದೇ ಕಣ್ಣನ್ನು ನೋಡಬೇಕಾದ ಕಾರಣ ಸರಳವಾದುದು. ಎರಡೂ ಕಣ್ಣು ತೆರೆದಿರುವಾಗ ಚೆನ್ನಾಗಿರುವ ಕಣ್ಣು ಕೆಟ್ಟಿರುವ ಕಣ್ಣಿನ ಕೊರತೆಯನ್ನು ಮರೆಮಾಡುತ್ತದೆ. ಹೀಗಾಗಿ ಒಂದು ಕಣ್ಣಿನ ದೃಷ್ಟಿ ಅರ್ಧಕ್ಕಿಳಿದರೂ ಅಡುಗೆ, ತೋಟ, ಅಂಗಡಿ, ಸ್ಕೂಟರ್ ಸವಾರಿ ಯಾವುದಕ್ಕೂ ಅಡ್ಡಿಯಾಗದೆ ವರ್ಷಗಳೇ ಕಳೆದುಹೋಗಬಹುದು. ಕಸ ಬಿದ್ದ ಕಣ್ಣನ್ನು ಉಜ್ಜಿಕೊಳ್ಳುವಾಗ ಇನ್ನೊಂದು ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲವೆಂದು ಅಕಸ್ಮಾತ್ತಾಗಿ ತಿಳಿದುಬಂದವರು ಅನೇಕರು. ಅದೇ ಕ್ಯಾಲೆಂಡರಿನ ಚೌಕಗಳು ಇನ್ನೊಂದು ಪರೀಕ್ಷೆಗೂ ಒದಗುತ್ತವೆ. ಓದುವ ಕನ್ನಡಕ ಹಾಕಿಕೊಂಡು, ಪುಸ್ತಕ ಹಿಡಿಯುವಷ್ಟು ಹತ್ತಿರಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ ನಡುವಿನ ಒಂದು ಅಂಕಿಯನ್ನೇ ದಿಟ್ಟಿಸಿದಾಗ ಸುತ್ತಲಿನ ಗೆರೆಗಳು ನೆಟ್ಟಗೆ ಕಾಣಬೇಕು. ಗೆರೆ ಸೊಟ್ಟಗಾದರೆ, ಅಲೆಯಂತೆ ಬಳುಕಿದರೆ ಅಥವಾ ನಡುವೆ ಕಪ್ಪು ಮಚ್ಚೆ ಕಂಡರೆ ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ಕೇಂದ್ರಭಾಗಕ್ಕೆ ತೊಂದರೆಯಾಗಿರುವ ಸಂಭವವಿದ್ದು, ಒಂದೆರಡು ದಿನದೊಳಗೆ ನೇತ್ರತಜ್ಞರಿಗೆ ತೋರಿಸಬೇಕು.

ಈ ಪರೀಕ್ಷೆಯಲ್ಲಿ ಪಾಸಾದವರೂ ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಕಣ್ಣಿನೊಳಗಿನ ಒತ್ತಡವಾಗಲಿ, ಅಂಚಿನ ದೃಷ್ಟಿ ಕುಗ್ಗುತ್ತಿರುವುದಾಗಲಿ ಗೋಡೆಯ ಅಂಕಿ ಓದುವುದರಿಂದ ಗೊತ್ತಾಗುವುದಿಲ್ಲ. ನಲ್ವತ್ತು ದಾಟಿದವರು ಏನೂ ತೊಂದರೆಯಿಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆ, ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ, ಪಾಪೆಯನ್ನು ಹಿಗ್ಗಿಸಿ ಒಳಗಣ್ಣು ನೋಡುವ ಪೂರ್ಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಂತೆಯಲ್ಲೋ ಜಾತ್ರೆಯಲ್ಲೋ ಸಿಗುವ ಸಿದ್ಧ ಚಾಳೀಸು ಕನ್ನಡಕದಿಂದ ಕಣ್ಣು ಕೆಡುವುದಿಲ್ಲ, ತುರ್ತಿಗೆ ಅದು ಒಳ್ಳೆಯದೇ. ಅದರಿಂದಾಗುವ ನಷ್ಟವೆಂದರೆ, ಅಕ್ಷರ ಕಾಣಿಸಿತಲ್ಲ ಎಂಬ ಸಮಾಧಾನದಲ್ಲಿ ಆ ಪೂರ್ಣ ಪರೀಕ್ಷೆ ತಪ್ಪಿಹೋಗುವುದು.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ನೋವಿಲ್ಲದ ತೊಂದರೆಯನ್ನು ಗಂಭೀರವಲ್ಲವೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕಣ್ಣಿನ ವಿಷಯದಲ್ಲಿ ಇದು ಹಲವು ಬಾರಿ ತಲೆಕೆಳಗಾಗುತ್ತದೆ. ಇದ್ದಕ್ಕಿದ್ದಂತೆ ಒಂದು ಕಣ್ಣಿನ ದೃಷ್ಟಿ ಹೋದರೆ, ಅದು ಕೆಲವೇ ನಿಮಿಷಗಳಲ್ಲಿ ಮರಳಿ ಬಂದರೂ, ಅಕ್ಷಿಪಟಲದ ರಕ್ತನಾಳ ಕಟ್ಟಿಕೊಂಡಿರಬಹುದು. ಅದನ್ನು ಪಾರ್ಶ್ವವಾಯುವಿನಷ್ಟೇ ತುರ್ತಾಗಿ ಪರಿಗಣಿಸಿ, ಒಳ್ಳೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಕಣ್ಣಮುಂದೆ ಮಿಂಚು ಹೊಡೆದಂತಾಗಿ, ನುಸಿ ಹಾರಿದಂತೆ ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿ, ಪರದೆ ಎಳೆದಂತೆ ಒಂದು ಬದಿ ಕತ್ತಲಾದರೆ ಅಕ್ಷಿಪಟಲ ಕಳಚಿಕೊಳ್ಳುತ್ತಿರಬಹುದು. ಹೆಚ್ಚು ಮೈನಸ್ ಪವರ್ ಇರುವವರಲ್ಲಿ, ಕಣ್ಣಿಗೆ ಪೆಟ್ಟು ಬಿದ್ದವರಲ್ಲಿ ಇದರ ಸಂಭವ ಹೆಚ್ಚು. ಒಂದೆರಡು ಹಳೆಯ ಚುಕ್ಕೆಗಳು ಬೆಳ್ಳಗಿನ ಆಕಾಶವನ್ನು ನೋಡುವಾಗ ತೇಲುತ್ತಿದ್ದರೆ ಅದಕ್ಕೆ ಗಾಬರಿ ಬೇಡ.

ಕಣ್ಣು ಕೆಂಪಾಗಿ, ತಲೆ ಸಿಡಿದು, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯೂ ಆದರೆ ‘ಪಿತ್ತ ಏರಿದೆ’ ಎಂದು ಕಷಾಯ ಕುಡಿಸಿ ಮಲಗಿಸುವುದುಂಟು. ಕಣ್ಣಿನ ಒತ್ತಡ ಹಠಾತ್ತಾಗಿ ಏರಿದಾಗ ಕಾಣುವ ಲಕ್ಷಣಗಳೂ ಇವೇ. ಬೆಳಗಿನವರೆಗೆ ಕಾದರೆ ನರಕ್ಕಾಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಹಾಗೆಯೇ ಹಣೆಯ ಒಂದೇ ಬದಿಯಲ್ಲಿ, ಮೂಗಿನ ತುದಿಯವರೆಗೆ ಸರ್ಪಸುತ್ತು ಎದ್ದಿದ್ದರೆ ಹೊರಗಿನ ಲೇಪಗಳಲ್ಲಿ ದಿನ ಕಳೆಯಬಾರದು. ಅದು ಕಣ್ಣಿಗೂ ಇಳಿಯುವ ವೈರಸ್ ಸೋಂಕು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಎರಡೆರಡಾಗಿ ಕಾಣುವುದು ಮತ್ತು ಜೊತೆಗೆ ರೆಪ್ಪೆ ಜೋತುಬೀಳುವುದು, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಣ್ಣು ನೋವಿನೊಂದಿಗೆ ಕೆಂಪಾಗುವುದು, ತಿಂಗಳೊಳಗಿನ ಹಸುಗೂಸಿನ ಕಣ್ಣಿನಿಂದ ಕೀವು ಬರುವುದು, ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಪಾಪೆ ಬೆಳ್ಳಗೆ ಹೊಳೆಯುವುದು, ಇವನ್ನೂ ನಾಳೆಗೆ ತಳ್ಳಬಾರದು.

ತೋಟದ ಕಣ್ಣು

ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಕಣ್ಣಿಗೆ ಬೀಳುವ ಪೆಟ್ಟಿನ ಬಗ್ಗೆ ಬರೆಯುವಾಗ ಅಡಿಕೆ ತೋಟದಿಂದಲೇ ಆರಂಭಿಸಬೇಕು. ಕೊಳೆರೋಗ ಬಾರದಂತೆ ಮಳೆಗಾಲದ ಮುಂಚೆ ಒಮ್ಮೆ, ಮತ್ತೆ ಸುಮಾರು 40ರಿಂದ 45 ದಿನ ಕಳೆದು ಇನ್ನೊಮ್ಮೆ ಅಡಿಕೆಗೆ ಮದ್ದು ಬಿಡುತ್ತಾರೆ. ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರವೇರಿ ಮದ್ದು ಬಿಡುತ್ತಿದ್ದ ಕಾಲದಲ್ಲಿ ದ್ರಾವಣ ಕೆಳಗೆ ಬೀಳುತ್ತಿತ್ತು, ಬಿಡುವವರು ಮೇಲಿರುತ್ತಿದ್ದರು. ಈಗ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದ ಮೇಲೆ ಕೆಲಸಗಾರರು ನೆಲದ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಗೊನೆಯನ್ನೇ ದಿಟ್ಟಿಸುತ್ತ ದಿನವಿಡೀ ದುಡಿಯುತ್ತಾರೆ. ಜೀವಕ್ಕೆ ಅಪಾಯ ಕಡಿಮೆಯಾಯಿತು, ಸಂತೋಷ. ಆದರೆ ಸುಣ್ಣದ ನೀರು, ಒಣಗಿದ ಸಿಂಗಾರದ ಚೂರು, ಇರುವೆ, ದೂಳು ಎಲ್ಲವೂ ನೇರವಾಗಿ ತೆರೆದ ಕಣ್ಣಿಗೇ ಉದುರುವಂತಾಯಿತು. ಕೊಯ್ಲಿನ ದೋಟಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ಬೇಕಾದುದು ಬದಿಗಳೂ ಮುಚ್ಚುವ, ಗಾಳಿಯಾಡಲು ಸಣ್ಣ ಕಂಡಿಗಳಿರುವ ಪಾಲಿಕಾರ್ಬೊನೇಟ್ ರಕ್ಷಣಾ ಕನ್ನಡಕ. ಮಳೆಗಾಲದ ಸೆಕೆಗೆ ಅದು ಒಳಗಿನಿಂದ ಮಂಜಾಗುತ್ತದೆ, ಆಗ ಕೆಲಸಗಾರರು ತೆಗೆದು ಹಣೆಯ ಮೇಲೇರಿಸಿಬಿಡುತ್ತಾರೆ. ಆದ್ದರಿಂದ ಮಂಜು ಹಿಡಿಯದ ಲೇಪನವಿರುವುದನ್ನೇ ತರಬೇಕು ಮತ್ತು ಒರೆಸಿಕೊಳ್ಳಲು ಒಣ ಬಟ್ಟೆಯನ್ನು ತೋಟದಲ್ಲೇ ಇಡಬೇಕು. ಅಂಚಿರುವ ಟೊಪ್ಪಿ ಹಾಕಿದರೆ ಅರ್ಧ ಹನಿಗಳು ಅದರ ಮೇಲೇ ನಿಲ್ಲುತ್ತವೆ. ತೋಟದ ಯಜಮಾನರು ಪಂಪು, ಪೈಪು, ದೋಟಿಗೆ ಸಾವಿರಾರು ರೂಪಾಯಿ ಸುರಿದು ಕನ್ನಡಕವನ್ನು ಮಾತ್ರ ಕೆಲಸಗಾರರ ಪಾಲಿಗೆ ಬಿಡುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಕಳೆ ಕೊಚ್ಚುವ ಯಂತ್ರ ಹಿಡಿಯುವವರಿಗಂತೂ ಇದು ಕಡ್ಡಾಯವಾಗಬೇಕು. ಅದರ ಅಲಗಿಗೆ ತಾಗಿದ ಕಲ್ಲಿನ ಚೂರು ಕಣ್ಣನ್ನು ತೂರಿ ಒಳಹೋಗಬಲ್ಲದು.

ಸುಣ್ಣ ಕ್ಷಾರ. ಆಮ್ಲಕ್ಕಿಂತ ಕ್ಷಾರವೇ ಕಣ್ಣಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ತಾಗಿದಲ್ಲಿ ನಿಲ್ಲದೆ ಕಣ್ಣಿನ ಪದರಗಳನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಬೋರ್ಡೋ ದ್ರಾವಣವಾಗಲಿ, ಗೋಡೆಗೆ ಬಳಿಯುವ ಸುಣ್ಣವಾಗಲಿ, ಅಜ್ಜಿಯ ಎಲೆ-ಅಡಿಕೆ ತಟ್ಟೆಯ ಪಕ್ಕದ ಸುಣ್ಣದ ಪ್ಯಾಕೆಟನ್ನು ಮಗು ಹಿಚುಕಿದಾಗ ಸಿಡಿದದ್ದಾಗಲಿ, ಕಣ್ಣಿಗೆ ಬಿದ್ದ ಕ್ಷಣವೇ ನಳ್ಳಿಯ ಅಡಿಯಲ್ಲೋ ಚೊಂಬಿನಿಂದಲೋ ಶುದ್ಧ ನೀರು ಹಾಯಿಸಲು ಆರಂಭಿಸಬೇಕು. ಅರ್ಧ ಗಂಟೆ ಬಿಡದೆ ತೊಳೆಯಬೇಕು. ಎರಡೂ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಕಣ್ಣನ್ನು ಮೇಲೆ, ಕೆಳಗೆ, ಆಚೆ, ಈಚೆ ತಿರುಗಿಸಲು ಹೇಳುತ್ತ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ತಲೆಯನ್ನು ಓರೆಯಾಗಿಸಬೇಕು. ಇಲ್ಲವಾದರೆ ತೊಳೆದ ಸುಣ್ಣ ಇನ್ನೊಂದು ಕಣ್ಣಿಗೆ ಹೋಗುತ್ತದೆ. ರೆಪ್ಪೆಯ ಒಳಮಗ್ಗುಲಲ್ಲಿ ಸುಣ್ಣದ ಗಂಟು ಅಂಟಿಕೊಂಡಿದ್ದರೆ ಒದ್ದೆ ಹತ್ತಿಯ ತುದಿಯಿಂದ ಮೆಲ್ಲನೆ ತೆಗೆಯಬೇಕು. ಹುಳಿ ಹಾಕಿದರೆ ಸುಣ್ಣ ಸಾಯುತ್ತದೆಂದು ಲಿಂಬೆರಸ ಹಿಂಡುವುದು, ತೆಂಗಿನೆಣ್ಣೆ, ತುಪ್ಪ ಬಿಡುವುದು ಸರ್ವಥಾ ಕೂಡದು. ತೊಳೆಯುವುದಕ್ಕೆ ಮೊದಲು ವಾಹನ ಹುಡುಕಲು ಹೊರಟರೆ ದಾರಿಯಲ್ಲೇ ಕಣ್ಣು ಸುಟ್ಟಿರುತ್ತದೆ. ಅರ್ಧ ಗಂಟೆ ತೊಳೆದ ಬಳಿಕವೇ ಆಸ್ಪತ್ರೆಯ ದಾರಿ ಹಿಡಿಯಬೇಕು.

ಭತ್ತದ ತೆನೆ, ತೆಂಗಿನ ಗರಿ, ಹುಲ್ಲಿನ ಅಲಗು ತಾಗಿ ಕಣ್ಣು ಗೀರಿದರೆ ಬೇರೆಯೇ ಅಪಾಯವಿದೆ. ಗಿಡಮರಗಳ ವಸ್ತು ತಾಗಿದ ಗಾಯದಲ್ಲಿ ಶಿಲೀಂಧ್ರ ಬೆಳೆಯಬಹುದು. ಮೊದಲೆರಡು ದಿನ ಬರೀ ಚುಚ್ಚಿದಂತೆ ಅನಿಸುವ ಕಣ್ಣು, ವಾರದೊಳಗೆ ಕೆಂಪಾಗಿ ನೀರು ಸುರಿಸಿ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆಯೊಂದನ್ನು ತೋರಿಸತೊಡಗುತ್ತದೆ. ಆ ಬಿಳಿ ಚುಕ್ಕೆಯೇ ಹುಣ್ಣು. ಮೆಡಿಕಲ್ ಅಂಗಡಿಯಲ್ಲಿ ‘ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳಿ ತಂದ ಬಾಟಲಿಯಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಎರಡೇ ದಿನದಲ್ಲಿ ಇಳಿಯುತ್ತದೆ, ನೋವೂ ಕಡಿಮೆಯಾಗುತ್ತದೆ, ಒಳಗೆ ಶಿಲೀಂಧ್ರ ಮಾತ್ರ ನಿರಾತಂಕವಾಗಿ ಹಬ್ಬುತ್ತದೆ. ಕೊನೆಗೆ ಉಳಿಯುವುದು ಬಿಳಿಯ ಕಲೆ, ಇಲ್ಲವೇ ತೂತು ಬಿದ್ದ ಕಣ್ಣು.

ಬಾಟಲಿಯ ಮೇಲಿನ ಹೆಸರು

ಆದ್ದರಿಂದ ಮನೆಯ ಕಪಾಟಿನಲ್ಲಿರುವ ಪ್ರತಿಯೊಂದು ಕಣ್ಣಿನ ಬಾಟಲಿಯ ಸಣ್ಣ ಅಕ್ಷರಗಳನ್ನು ಒಮ್ಮೆ ಓದುವುದು ಒಳ್ಳೆಯದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟಿಪ್ರೆಡ್ನಾಲ್, ಫ್ಲೋರೋಮೆಥೋಲೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ವೈದ್ಯರು ಹೇಳಿದ ಕಾರಣಕ್ಕೆ, ಹೇಳಿದಷ್ಟು ದಿನ ಬಳಸಿದರೆ ಅದು ಕಣ್ಣನ್ನು ಉಳಿಸುವ ಔಷಧ. ತುರಿಕೆಯ ಅಲರ್ಜಿಯಿರುವ ಮಕ್ಕಳಿಗೆ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ಬಿಡುತ್ತಿದ್ದರೆ ಸದ್ದಿಲ್ಲದೆ ಗ್ಲಾಕೋಮಾ (ಕಣ್ಣಿನ ನರ ಒಣಗುವ ಕಾಯಿಲೆ) ಮತ್ತು ಎಳೆಯ ಪ್ರಾಯದಲ್ಲೇ ಪೊರೆ ಬರಬಹುದು. ಯಾವುದೇ ಬಾಟಲಿಯನ್ನು ತೆರೆದು ಒಂದು ತಿಂಗಳಾದ ಮೇಲೆ, ಒಳಗೆ ಔಷಧ ಉಳಿದಿದ್ದರೂ, ಎಸೆಯಬೇಕು. ತೆರೆದ ತಾರೀಕನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆಯೇ ಬರೆದಿಡುವುದು ಒಳ್ಳೆಯ ಅಭ್ಯಾಸ.

ಹನಿ ಬಿಡುವ ಕ್ರಮವನ್ನೂ ಇಲ್ಲಿಯೇ ಹೇಳುತ್ತೇನೆ. ಕೈತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದರೆ ಒಂದು ಚಿಕ್ಕ ಚೀಲದಂತಾಗುತ್ತದೆ. ಅದರೊಳಗೆ ಒಂದೇ ಹನಿ, ಬಾಟಲಿಯ ಮೂತಿ ರೆಪ್ಪೆಗೆ ತಾಗದಂತೆ ಬಿಡಬೇಕು. ಕಣ್ಣಿಗೆ ಒಂದು ಹನಿಗಿಂತ ಹೆಚ್ಚು ಹಿಡಿಯುವುದಿಲ್ಲ, ಎರಡನೆಯದು ಕೆನ್ನೆಗೆ ಇಳಿದು ಹಣ ವ್ಯರ್ಥವಾಗುತ್ತದೆ. ಬಳಿಕ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗಿಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷದ ಅಂತರವಿರಲಿ.

ಜೇನು, ಎದೆಹಾಲು, ನಂದಿಬಟ್ಟಲಿನ ರಸ, ಹರಳೆಣ್ಣೆ, ಇವು ಯಾವುದನ್ನೂ ಕಣ್ಣಿನೊಳಗೆ ಬಿಡಬೇಡಿ. ನಂದಿಬಟ್ಟಲಿನ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆಂದು ಇಟ್ಟುಕೊಂಡರೆ ಹಾನಿಯೇನಿಲ್ಲ. ಹಸುಗೂಸುಗಳ ಕಣ್ಣಿಗೆ ಕಾಡಿಗೆ ತೀಡುವುದೂ ಬೇಡ. ದೃಷ್ಟಿ ತಾಗಬಾರದೆಂಬ ಅಜ್ಜಿಯ ಆಸೆಗೆ ಅಂಗಾಲಿನ ಮೇಲೊಂದು ಬೊಟ್ಟು ಇಟ್ಟರೆ ಸಾಕು.

ಕೆಂಗಣ್ಣು, ಕುಟಿಗೆ, ಮಾಂಸ ಬೆಳೆಯುವುದು

2023ರ ಮಳೆಗಾಲದಲ್ಲಿ ರಾಜ್ಯದೆಲ್ಲೆಡೆ ಹರಡಿದ ಮದ್ರಾಸ್ ಐ ಯಾರಿಗೂ ಮರೆತಿರಲಾರದು. ಕಣ್ಣು ಕೆಂಪಾಗಿ, ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡು, ಮರಳು ಬಿದ್ದಂತೆ ಚುಚ್ಚುವ ಈ ಬೇನೆ ಹೆಚ್ಚಾಗಿ ವೈರಸ್ಸಿನಿಂದ ಬರುವುದರಿಂದ ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಬೇನೆಯವರನ್ನು ನೋಡಿದ ಮಾತ್ರಕ್ಕೆ ಅದು ಅಂಟುವುದಿಲ್ಲ, ಕಪ್ಪು ಕನ್ನಡಕ ಹಾಕಿದರೆ ತಡೆಯುವುದೂ ಇಲ್ಲ. ಕೈ, ಬೈರಾಸು, ದಿಂಬಿನ ಹೊದಿಕೆ, ಬಸ್ಸಿನ ಕಂಬಿ, ಇವೇ ಅದರ ದಾರಿ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧ ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಎಸೆದು, ಸೋಪಿನಲ್ಲಿ ಕೈ ತೊಳೆಯುವುದು, ತಣ್ಣನೆಯ ಒದ್ದೆ ಬಟ್ಟೆ ಇಡುವುದು, ಬೇಕಾದರೆ ಕೃತಕ ಕಣ್ಣೀರಿನ ಹನಿ, ಇಷ್ಟು ಸಾಕಾಗುತ್ತದೆ. ಮಗುವನ್ನು ಶಾಲೆಗೆ, ಅಂಗನವಾಡಿಗೆ ಕಳುಹಿಸಬಾರದು. ನೋವು ತೀವ್ರವಾದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಮಸುಕಾದರೆ ಅದು ಬರೀ ಕೆಂಗಣ್ಣಲ್ಲ, ವೈದ್ಯರಿಗೆ ತೋರಿಸಬೇಕು.

ರೆಪ್ಪೆಯಂಚಿನಲ್ಲಿ ಗುಳ್ಳೆಯಂತೆ ಏಳುವ ಕುಟಿಗೆಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಬಾರಿ, ಹತ್ತು ನಿಮಿಷ ಇಟ್ಟುಕೊಂಡರೆ ಸಾಕು. ಹಿಚುಕಬಾರದು. ಮತ್ತೆ ಮತ್ತೆ ಏಳುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆಯಲ್ಲಿ ವರ್ಷಾನುಗಟ್ಟಲೆ ಬಿಸಿಲು, ಗಾಳಿಗೆ ಮೈಯೊಡ್ಡಿ ದುಡಿದವರ ಕಣ್ಣಿನಲ್ಲಿ, ಮೂಗಿನ ಬದಿಯ ಬಿಳಿಭಾಗದಿಂದ ಕಪ್ಪುಗುಡ್ಡೆಯ ಮೇಲಕ್ಕೆ ತ್ರಿಕೋನಾಕಾರದಲ್ಲಿ ಮಾಂಸ ಹಬ್ಬಿರುವುದನ್ನು ನೋಡಬಹುದು. ಇದಕ್ಕೆ ಟೆರಿಜಿಯಂ ಎನ್ನುತ್ತಾರೆ. ಜನರು ಇದನ್ನೇ ಪೊರೆಯೆಂದು ತಿಳಿಯುತ್ತಾರೆ, ಆದರೆ ಪೊರೆ ಬರುವುದು ಕಣ್ಣಿನೊಳಗಿನ ಮಸೂರದಲ್ಲಿ. ಮಾಂಸ ಪಾಪೆಯತ್ತ ಸಾಗದಿದ್ದರೆ ಶಸ್ತ್ರಚಿಕಿತ್ಸೆಯ ಅವಸರವಿಲ್ಲ. ಸಮುದ್ರದಲ್ಲಿ ಬಿಸಿಲು ನೀರಿನಿಂದ ಪ್ರತಿಫಲಿಸಿ ಕೆಳಗಿನಿಂದಲೂ ಬರುವುದರಿಂದ ಟೊಪ್ಪಿಯೊಂದೇ ಸಾಲದು. ಯುವಿ 400 ಎಂದು ನಮೂದಿಸಿದ, ಬದಿ ಮುಚ್ಚುವ ಕನ್ನಡಕ ಬೇಕು. ಬರೀ ಕಪ್ಪಾಗಿದ್ದು ಅತಿನೇರಳೆ ಕಿರಣವನ್ನು ತಡೆಯದ ಅಗ್ಗದ ಕನ್ನಡಕದೊಳಗೆ ಪಾಪೆ ಹಿಗ್ಗಿ, ಇನ್ನಷ್ಟು ಕಿರಣ ಒಳಹೋಗುತ್ತದೆ.

ಎಲ್ಲವೂ ಪೊರೆಯಲ್ಲ

ಅರವತ್ತು ದಾಟಿದವರಿಗೆ ಮಸುಕಾದರೆ ಅದು ಪೊರೆಯೇ ಎಂದು ಮನೆಯವರೇ ತೀರ್ಮಾನಿಸಿ, ಹಣ್ಣಾಗಲೆಂದು ಕಾಯುತ್ತಾರೆ. ಮಳೆಗಾಲ ಕಳೆಯಲಿ ಎನ್ನುತ್ತಾರೆ, ಆಟಿಯಲ್ಲಿ ಬೇಡ ಎನ್ನುತ್ತಾರೆ, ಮೊಮ್ಮಗಳ ಮದುವೆ ಮುಗಿಯಲಿ ಎನ್ನುತ್ತಾರೆ. ಈ ಕಾಯುವಿಕೆಯಲ್ಲಿ ಎರಡು ಅಪಾಯಗಳಿವೆ. ಮಸುಕಿಗೆ ಕಾರಣ ಗ್ಲಾಕೋಮಾವೋ ಸಕ್ಕರೆ ಕಾಯಿಲೆಯ ತೊಂದರೆಯೋ ಆಗಿದ್ದರೆ, ಕಾದಷ್ಟೂ ದೃಷ್ಟಿ ಹೋಗಿ ಮತ್ತೆ ಬರುವುದಿಲ್ಲ. ನಿಜಕ್ಕೂ ಪೊರೆಯೇ ಆಗಿದ್ದರೂ ಅತಿಯಾಗಿ ಬಲಿತ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಕೆಲವೊಮ್ಮೆ ಅದು ಉಬ್ಬಿ ಅಥವಾ ಸೋರಿ ಕಣ್ಣಿನ ಒತ್ತಡವನ್ನು ಏರಿಸುತ್ತದೆ. ಸಣ್ಣ ರಂಧ್ರದ ಮೂಲಕ ಪೊರೆಯನ್ನು ಪುಡಿಮಾಡಿ ತೆಗೆಯುವ ಇಂದಿನ ಫೇಕೋ ವಿಧಾನಕ್ಕೆ ಪೊರೆ ಹಣ್ಣಾಗಬೇಕಿಲ್ಲ, ಋತುವೂ ಮುಖ್ಯವಲ್ಲ. ದಿನದ ಕೆಲಸಕ್ಕೆ, ಓದಿಗೆ, ಮೆಟ್ಟಿಲಿಳಿಯುವುದಕ್ಕೆ ತೊಂದರೆಯಾಗತೊಡಗಿದಾಗಲೇ ಮಾಡಿಸಿಕೊಳ್ಳಬಹುದು. ಹನಿ ಔಷಧದಿಂದ ಪೊರೆ ಕರಗುತ್ತದೆಂಬ ಜಾಹೀರಾತುಗಳನ್ನು ನಂಬಬೇಡಿ.

ಶಸ್ತ್ರಚಿಕಿತ್ಸೆಯ ಬಳಿಕ ಹೇಳಿದಷ್ಟು ದಿನ ಕಣ್ಣಿಗೆ ಬಾವಿನೀರು ತಾಗಬಾರದು, ಕೆರೆ, ಹೊಳೆ, ಸಮುದ್ರದ ಸ್ನಾನವಂತೂ ಬೇಡ. ಬಚ್ಚಲಿನ ಹಂಡೆಯ ಒಲೆಗೆ ತೆಂಗಿನ ಮಡಲು ತುರುಕುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ನೋವು ಹೆಚ್ಚಿ, ಕಣ್ಣು ಕೆಂಪೇರಿ, ಬಂದಿದ್ದ ದೃಷ್ಟಿ ಮತ್ತೆ ಇಳಿಯತೊಡಗಿದರೆ ಒಳಸೋಂಕಿರಬಹುದು, ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ತಲುಪಬೇಕು. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಸುಕಾದಾಗ ‘ಪೊರೆ ಮರಳಿ ಬಂತು’ ಎಂದು ಬೇಸರಿಸುವವರಿದ್ದಾರೆ. ಅದು ಕೃತಕ ಮಸೂರದ ಹಿಂದಿನ ತೆಳುಪದರ ಮಬ್ಬಾಗುವುದು. ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತದೆ.

ಖರ್ಚಿನ ಚಿಂತೆಯಿಂದ ಮುಂದೂಡುವವರು ತಿಳಿದಿರಬೇಕಾದ ಮಾತೊಂದಿದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಾರೆ. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು. ಮಣಿಪಾಲ, ದೇರಳಕಟ್ಟೆ, ಕಂಕನಾಡಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹಳ್ಳಿಗಳಲ್ಲಿ ನಡೆಸುವ ಶಿಬಿರಗಳ ಮಾಹಿತಿಯನ್ನು ಊರಿನ ಆಶಾ ಕಾರ್ಯಕರ್ತೆಯರಿಂದ ಪಡೆಯಬಹುದು.

ಸದ್ದಿಲ್ಲದ ಎರಡು ಕಾಯಿಲೆಗಳು

ಸಕ್ಕರೆ ಕಾಯಿಲೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ, ಮತ್ತು ಕೆಟ್ಟ ಮೇಲೂ ಬಹುಕಾಲ ಕೊನೆಯ ಸಾಲಿನ ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ಟೈಪ್ 2 ಸಕ್ಕರೆ ಕಾಯಿಲೆ ಪತ್ತೆಯಾದ ಕೂಡಲೇ ಮೊದಲ ಪರೀಕ್ಷೆ, ಆಮೇಲೆ ಪ್ರತಿವರ್ಷ ಒಂದು, ಇದು ನಿಯಮ. ಸಕ್ಕರೆಯಷ್ಟೇ ರಕ್ತದೊತ್ತಡವನ್ನೂ ಹತೋಟಿಯಲ್ಲಿಡಬೇಕು. ಸಮಯಕ್ಕೆ ಸಿಕ್ಕಿದರೆ ಲೇಸರ್ ಮತ್ತು ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ದೃಷ್ಟಿಯನ್ನು ಉಳಿಸುತ್ತವೆ. ಇನ್ನೊಂದು ಸಣ್ಣ ಸೂಚನೆ: ಸಕ್ಕರೆ ಏರಿಳಿಯುವಾಗ ಮಸೂರವೂ ಉಬ್ಬಿ ಕುಗ್ಗುವುದರಿಂದ ಕನ್ನಡಕದ ನಂಬರು ವಾರಕ್ಕೊಂದು ಬಗೆ ಬರುತ್ತದೆ, ಸಕ್ಕರೆ ಕೆಲವು ವಾರ ಸ್ಥಿರವಾದ ಮೇಲೆಯೇ ಹೊಸ ಕನ್ನಡಕ ಮಾಡಿಸಬೇಕು.

ಗ್ಲಾಕೋಮಾದಲ್ಲಿ ಕಣ್ಣಿನ ನರ ಮೆಲ್ಲಮೆಲ್ಲನೆ ಒಣಗುತ್ತ ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗುತ್ತದೆ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದಾದರೂ ಈ ಮಿತಿಯೊಳಗೇ ನರ ಕೆಡುವವರೂ ಇದ್ದಾರೆ; ಆದ್ದರಿಂದ ಒತ್ತಡದ ಅಂಕಿಯ ಜೊತೆಗೆ ನರವನ್ನು ನೇರವಾಗಿ ನೋಡಿಸಿಕೊಳ್ಳಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ಮನೆಯ ಉಳಿದವರೆಲ್ಲರೂ ಪರೀಕ್ಷೆಗೆ ಹೋಗಬೇಕು. ಇದರ ಹನಿಗಳಿಂದ ದೃಷ್ಟಿ ಸುಧಾರಿಸುವುದಿಲ್ಲ, ಇರುವುದು ಉಳಿಯುತ್ತದೆ. ಪ್ರಯೋಜನ ಕಾಣಲಿಲ್ಲವೆಂದು ನಾಲ್ಕು ತಿಂಗಳಲ್ಲಿ ಬಿಟ್ಟುಬಿಡುವವರು ಹೆಚ್ಚು, ಕಳೆದುಕೊಳ್ಳುವವರೂ ಅವರೇ.

ಮಕ್ಕಳ ಕಣ್ಣು, ಊಟ, ಮೊಬೈಲು

ಒಂದು ಕಣ್ಣಿಗೆ ಹುಟ್ಟಿನಿಂದಲೇ ಮಸುಕಾಗಿ ಕಾಣುತ್ತಿದ್ದರೆ ಮಗುವಿಗೆ ಅದು ಕೊರತೆಯೆಂದೇ ಗೊತ್ತಿರುವುದಿಲ್ಲ. ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟು ಅದು ಸೋಮಾರಿ ಕಣ್ಣಾಗುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲಗಂಟೆ ಮುಚ್ಚಿಸಿದರೆ ಚೇತರಿಕೆ ಚೆನ್ನಾಗಿರುತ್ತದೆ. ಆದ್ದರಿಂದ ಶಾಲೆಗೆ ಸೇರಿಸುವ ಮೊದಲೇ ಒಮ್ಮೆ ತೋರಿಸಬೇಕು. ಮೆಳ್ಳೆಗಣ್ಣು ಅದೃಷ್ಟವೆಂಬ ಮಾತಿಗೆ ಕಿವಿಗೊಟ್ಟು ಕಾಯಬಾರದು. ಅವಧಿಗೆ ಮೊದಲೇ, 34 ವಾರದೊಳಗೆ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು 30 ದಿನದೊಳಗೆ ಪರೀಕ್ಷಿಸಲೇಬೇಕು. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಸಂಭ್ರಮದಲ್ಲಿ ಈ ತಾರೀಕು ತಪ್ಪಿಹೋಗುತ್ತದೆ.

ಮೈನಸ್ ಪವರ್ ತಡವಾಗಿ ಬರಲು ಮಕ್ಕಳು ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ನಮ್ಮೂರಿನಲ್ಲಿ ಇದು ಸುಲಭವಲ್ಲ. ಆದರೆ ಮೋಡ ಕವಿದ ದಿನವೂ ಅಂಗಳದ ಬೆಳಕು ಮನೆಯೊಳಗಿನ ದೀಪದ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಮಳೆ ಹೊಳವಾದಾಗ ಕೊಡೆ ಕೊಟ್ಟಾದರೂ ಹೊರಗೆ ಕಳುಹಿಸಿ. ಕನ್ನಡಕ ಹಾಕಿದರೆ ಪವರ್ ಹೆಚ್ಚುತ್ತದೆಂಬುದು ಸುಳ್ಳು.

ಊಟದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹರಿವೆ, ಬಸಳೆ, ನುಗ್ಗೆಸೊಪ್ಪು, ಮಳೆಗಾಲದ ತಜಂಕ್, ಪಪ್ಪಾಯಿ, ಮೊಟ್ಟೆ, ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ, ಇಷ್ಟಿದ್ದರೆ ಸಾಕು. ಸೊಪ್ಪಿನ ಎ ಜೀವಸತ್ವ ಮೈಗೆ ಹಿಡಿಯಲು ಸ್ವಲ್ಪ ಕೊಬ್ಬು ಬೇಕು, ನಮ್ಮ ಪಲ್ಯಕ್ಕೆ ತೆಂಗಿನಕಾಯಿ ಇದ್ದೇ ಇರುತ್ತದೆ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಅಂಗನವಾಡಿಯಲ್ಲಿ ಕೊಡುವ ಎ ಜೀವಸತ್ವದ ದ್ರವವನ್ನು ತಪ್ಪಿಸಬಾರದು. ಕ್ಯಾರೆಟ್ ತಿಂದು ಕನ್ನಡಕ ಬಿಟ್ಟವರನ್ನು ನಾನು ಕಂಡಿಲ್ಲ.

ಮೊಬೈಲು, ಕಂಪ್ಯೂಟರ್ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಗಿನ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ಬೇಕೆಂದೇ ರೆಪ್ಪೆ ಬಡಿಯಬೇಕು. ಏಸಿಯ ಗಾಳಿ ನೇರವಾಗಿ ಮುಖಕ್ಕೆ ಬರದಿರಲಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ; ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ರುಜುವಾತಾಗಿಲ್ಲ. ಮನೆಯಲ್ಲಿ ಬೀಡಿ ಕಟ್ಟುವ ಮಹಿಳೆಯರಿಗೂ ಇದೇ ವಿರಾಮ ಅಗತ್ಯ. ಜೊತೆಗೆ ಬೆಳಕು ಹೆಗಲ ಹಿಂದಿನಿಂದ ಮೊರದ ಮೇಲೆ ಬೀಳುವಂತೆ ಕುಳಿತುಕೊಳ್ಳಬೇಕು, ತಂಬಾಕಿನ ಕೈಯಲ್ಲಿ ಕಣ್ಣು ಉಜ್ಜಬಾರದು.

ತಜ್ಞರಲ್ಲಿಗೆ ಹೋಗುವಾಗ

ಹಳೆಯ ಕನ್ನಡಕಗಳು, ಈಗ ಬಳಸುತ್ತಿರುವ ಮತ್ತು ಈ ಹಿಂದೆ ಬಳಸಿದ ಎಲ್ಲ ಹನಿ ಬಾಟಲಿಗಳು, ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳ ಚೀಟಿ, ಇವಿಷ್ಟನ್ನು ಒಂದು ಚೀಲದಲ್ಲಿ ಒಯ್ಯಬೇಕು. ಹಳ್ಳಿಮದ್ದು ಹಾಕಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು, ಬೈಗುಳ ತಿಂದರೂ ಚಿಂತೆಯಿಲ್ಲ. ಪಾಪೆ ಹಿಗ್ಗಿಸುವ ಹನಿ ಬಿಟ್ಟ ಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗಿ, ಬಿಸಿಲು ಕಣ್ಣು ಕುಕ್ಕುವುದರಿಂದ ಸ್ವಂತ ಬೈಕಿನಲ್ಲಿ ಹೋಗಬಾರದು. ಬಸ್ಸಿನಲ್ಲಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು, ಒಂದು ತಂಪು ಕನ್ನಡಕ ಇಟ್ಟುಕೊಂಡು ಹೋಗುವುದು ಅನುಕೂಲ. ಹೊರಡುವ ಮೊದಲು ಎರಡೂ ಕಣ್ಣಿನ ದೃಷ್ಟಿ, ಒತ್ತಡದ ಅಂಕಿ, ನರದ ಸ್ಥಿತಿ ಮತ್ತು ಮುಂದಿನ ಭೇಟಿಯ ತಾರೀಕನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಯ ಫೋಟೋ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳುಹಿಸಿಟ್ಟರೆ, ಮುಂದೆ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಹೋಲಿಸಿ ನೋಡಲು ಹಳೆಯ ಅಂಕಿಗಳು ವೈದ್ಯರ ಕೈಗೆ ಸಿಗುತ್ತವೆ.